ಎಡಗಿವಿಯ ಬಟ್ಟಲು

ಮಸ್ಕಿಯ ಬಡಿಗ ಹುಸೇನಪ್ಪನ ಜೊತೆ ಮಾತಾಡಬೇಕಾದರೆ ಬಲಗಡೆ ನಿಲ್ಲಬೇಕು ಎಂಬುದು ಊರಿಗೆಲ್ಲ ಗೊತ್ತಿತ್ತು. ಹರೆಯದಲ್ಲಿ ಸಾಲಗುಂದದ ಕಡೆ ಒಂದು ಬಾವಿಗೆ ರಾಟೆಯ ಚೌಕಟ್ಟು ಕೂಡಿಸಲು ಹೋದವನು, ಬಂಡೆ ಸಿಡಿಸಲು ಇಟ್ಟ ಮದ್ದಿನ ಸಮೀಪವೇ ನಿಂತುಬಿಟ್ಟಿದ್ದ. ಅಂದಿನಿಂದ ಎಡಗಿವಿ ಬಂದ್. ಅದಕ್ಕಾಗಿ ಅವನೇನು ಕೊರಗುತ್ತ ಕೂತವನಲ್ಲ. ಕಟ್ಟಿಗೆಯ ಮಾತು ಕೇಳಲು ಒಂದು ಕಿವಿ ಸಾಕು ಎನ್ನುತ್ತಿದ್ದ. ಹೆಂಡತಿ ಅಮರಮ್ಮ ಊಟಕ್ಕೆ ಕೂಡುವಾಗಲೂ ದಾರಿ ನಡೆಯುವಾಗಲೂ ಯಾರೂ ಹೇಳದೆಯೇ ಅವನ ಬಲಕ್ಕೆ ಬರುತ್ತಿದ್ದಳು.

ಕೂರಿಗೆಯ ಬಟ್ಟಲು ಕಡೆಯುವುದರಲ್ಲಿ ಅವನ ಹೆಸರು ಬಳಗಾನೂರಿನವರೆಗೂ ಹಬ್ಬಿತ್ತು. ಬಿತ್ತುವವರು ಕಾಳು ಬಿಡುವ ಆ ಬಟ್ಟಲಿನ ತೂತುಗಳು ಸಮ ಇರದಿದ್ದರೆ ಒಂದು ಸಾಲು ದಟ್ಟ, ಮತ್ತೊಂದು ಬೋಳು. ಹುಸೇನಪ್ಪನ ಬಟ್ಟಲಿನಿಂದ ಬಿತ್ತಿದ ಹೊಲ ಬಾಚಿದ ತಲೆಯ ಹಾಗೆ ಕಾಣುತ್ತಿತ್ತು. ಆಮೇಲೆ ಎಡದಂಡೆ ಕಾಲುವೆಯ ನೀರು ಬಂತು. ಸಿಂಧನೂರಿನ ಕಡೆಯ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಯಾದವು. ನಾಟಿ ಹಚ್ಚುವವರಿಗೆ ಕೂರಿಗೆ ಯಾಕೆ ಬೇಕು? ಹುಸೇನಪ್ಪ ಉಳಿ, ಬಾಚಿಗಳನ್ನು ಚೀಲಕ್ಕೆ ಹಾಕಿಕೊಂಡು ಕಾಲುವೆಯ ಕ್ಯಾಂಪಿಗೆ ನಡೆದ. ಅಲ್ಲಿ ಬಾಗಿಲು, ಕಿಟಕಿ, ಮೇಜುಗಳ ಕೆಲಸಕ್ಕೆ ಬರವಿರಲಿಲ್ಲ.

ಕ್ಯಾಂಪಿನಲ್ಲಿ ಒಂದು ಟೆಲಿಫೋನ್ ಕೋಣೆ ಇತ್ತು. ಯಾವ ಗೇಟಿನಲ್ಲಿ ನೀರು ಎಷ್ಟು ಅಡಿ ಇದೆ ಎಂಬ ಸುದ್ದಿ ಕಾಲುವೆಯುದ್ದಕ್ಕೂ ಎಳೆದ ತಂತಿಯಲ್ಲಿ ಬರುತ್ತಿತ್ತು. ಅದನ್ನು ಕೇಳಿ ಬರೆದುಕೊಳ್ಳುವವನು ಲಿಂಗಸುಗೂರಿನ ಗಾಳೆಪ್ಪ, ಇಡೀ ದಿನ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂಡುವ ಮೆತ್ತನೆಯ ಮನುಷ್ಯ. ಒಂದು ಬಿರುಗಾಳಿಯ ದಿನ ಕಿಟಕಿ ಕಿತ್ತು ಮೇಜಿನ ಮೇಲೆ ಬಿದ್ದು, ಹೆಡ್‌ಫೋನಿನ ಎರಡೂ ಕರಿಯ ಬಟ್ಟಲುಗಳು ಚೂರಾದವು. ಒಳಗಿನ ಯಂತ್ರಕ್ಕೆ ಏನೂ ಆಗಿರಲಿಲ್ಲ. ಹೊಸ ಬಟ್ಟಲು ಮುಂಬಯಿಯಿಂದ ಬರಬೇಕು, ಬಂದಾಗ ಬಂತು. ಗಾಳೆಪ್ಪ ಹಳೆಯ ಬಟ್ಟೆ ಸುತ್ತಿ ಕಟ್ಟಿಕೊಂಡ. ತಗಡಿನ ಅಂಚು ಕೊರೆದು ಕಿವಿ ಹುಣ್ಣಾಯಿತು. ಹೊರಗೆ ಕಾಂಕ್ರೀಟು ಕಲಸುವ ಯಂತ್ರದ ಗದ್ದಲ ಒಳಗೆ ನುಗ್ಗಿ, ತಂತಿಯ ಮಾತು ಅರ್ಧ ಕೇಳಿದರೆ ಅರ್ಧ ಕೇಳುತ್ತಿರಲಿಲ್ಲ.

ಕಿಟಕಿ ಕೂಡಿಸಲು ಬಂದ ಹುಸೇನಪ್ಪ ಆ ಚೂರುಗಳನ್ನು ಕೈಯಲ್ಲಿ ಹೊರಳಿಸಿ ನೋಡಿದ.

“ಇದು ನಮ್ಮ ಕೂರಿಗಿ ಬಟ್ಟಲದಂಗ ಐತಲ್ರೀ. ನಾ ಮಾಡಿ ಕೊಡ್ತೀನಿ,” ಎಂದ.

ಗಾಳೆಪ್ಪ ಸಂಶಯದಿಂದ ನಕ್ಕ. ಆದರೂ ಹುಣ್ಣಾದ ಕಿವಿ ಯಾವ ಆಸೆಯನ್ನೂ ಬಿಡಗೊಡುವುದಿಲ್ಲ. ಆಗಲಿ ಅಂದ.

ಮೊದಲ ಜೋಡಿ ಬೂರುಗದ ಕಟ್ಟಿಗೆಯದು. ಹೂವಿನಷ್ಟು ಹಗುರ, ಆದರೆ ಮಾತು ಕಂಬಳಿ ಹೊದ್ದು ಆಡಿದಂತೆ ಕೇಳಿತು. ಎರಡನೆಯದು ಹುಣಸೆ. ದನಿ ಗಂಟೆಯಂತೆ ಬಂತು, ಭಾರಕ್ಕೆ ಗಾಳೆಪ್ಪನ ಕುತ್ತಿಗೆ ಸೋತಿತು. ಅದನ್ನೂ ವಾಪಸು ತಂದ ಹುಸೇನಪ್ಪ, ಮನೆಯ ಅಟ್ಟದಲ್ಲಿ ಮಾರದೆ ಉಳಿದಿದ್ದ ಜಾಲಿಯ ಕೂರಿಗೆ ಬಟ್ಟಲುಗಳನ್ನು ಇಳಿಸಿದ. ವರ್ಷಗಟ್ಟಲೆ ಒಣಗಿ ಕಲ್ಲಾಗಿದ್ದ ಕಟ್ಟಿಗೆ. ಅದನ್ನು ಹೋಳಿಗೆಯಷ್ಟು ತೆಳ್ಳಗೆ ಕಡೆಯುವುದು ಬೇರೆಯವರಿಗೆ ಹುಚ್ಚು ಅನಿಸುತ್ತಿತ್ತು. ಅವನಿಗೆ ಅದರಲ್ಲೇ ಹುರುಪು.

ಅಂಚು ಕಿವಿಗೆ ಸರಿಯಾಗಿ ಕೂಡಬೇಕಲ್ಲ. ಗಾಳೆಪ್ಪನ ಎರಡು ಕಿವಿಗಳು ಬೇರೆ ಬೇರೆ ಆಕಾರದವು ಎಂಬುದನ್ನು ಹುಸೇನಪ್ಪ ಹೇಳುವವರೆಗೆ ಗಾಳೆಪ್ಪನಿಗೇ ಗೊತ್ತಿರಲಿಲ್ಲ. ಅಮರಮ್ಮ ಎರೆಯ ಕಪ್ಪುಮಣ್ಣನ್ನು ಜರಡಿ ಹಿಡಿದು ಬೆಣ್ಣೆಯಂತೆ ನಾದಿ ಕೊಟ್ಟಳು. ಮಣ್ಣಿನ ಮುದ್ದೆಯನ್ನು ಗಾಳೆಪ್ಪನ ಕಿವಿಗೆ ಒತ್ತಿ ಅಚ್ಚು ತೆಗೆಯುವಾಗ ಕ್ಯಾಂಪಿನ ಜನ ಕೆಲಸ ಬಿಟ್ಟು ನೋಡಿದರು. ಆ ಅಚ್ಚಿನ ಪ್ರಕಾರ ಅಂಚು ಕೆತ್ತಿ, ಎಣ್ಣೆ ಕುಡಿಸಿ, ಒಳಗಿನ ಯಂತ್ರವನ್ನು ಅರಗಿನಿಂದ ಕೂಡಿಸಿದ. ಗಾಳೆಪ್ಪ ಹಾಕಿಕೊಂಡು ಕಣ್ಣು ಮುಚ್ಚಿದ. ಹೊರಗಿನ ಗದ್ದಲ ನಿಂತೇಹೋದ ಹಾಗಾಗಿ, ಚಲೋ ಆಗೇತಿ ಅಂದ.

ಹುಸೇನಪ್ಪನಿಗೆ ಬರೀ ಹೊಗಳಿಕೆಯಿಂದ ಸಮಾಧಾನವಾಗುವ ಸ್ವಭಾವವಿಲ್ಲ. ತಾನೇ ಕೇಳಿ ನೋಡಬೇಕು. ತಲೆಗೆ ಸಿಕ್ಕಿಸಿಕೊಂಡ. ಬಲಗಿವಿಗೆ ಸೊಗಸಾಗಿ ಕೇಳಿತು. ಎಡಕ್ಕೆ ಏನಿಲ್ಲ, ಅದು ಗೊತ್ತಿದ್ದದ್ದೇ. ಬಲಗಡೆಯ ಬಟ್ಟಲನ್ನು ಮೊದಲು ಸರಿಸಿ, ಎಡಗಡೆಯದನ್ನು ತೆಗೆಯುವಾಗ ಅದರ ಅಂಚು ಜಾರಿ ಕಿವಿಯ ಹಿಂದಿನ ಎಲುಬಿಗೆ ಒತ್ತಿತು. ಆಗ ತಲೆಯ ಒಳಗೇ ಯಾರೋ ಮಾತಾಡಿದಂತಾಯಿತು. ಮುಂದಿನ ಗೇಟಿನ ಕಾವಲುಗಾರ ದೊಡ್ಡಬಸಪ್ಪನ ದನಿ.

ಅವನು ಅಲ್ಲಾಡದೆ ನಿಂತ. ತಪ್ಪಿ ಬಲಗಿವಿಗೇ ಕೇಳಿಸಿರಬೇಕು ಎಂದುಕೊಂಡು ಬಲಗಿವಿಗೆ ಬೆರಳು ತುರುಕಿದ. ಮಾತು ಇನ್ನೂ ಇತ್ತು.

ಸಂಗತಿ ಕೇಳಿದ ಗಾಳೆಪ್ಪ ನಂಬಲಿಲ್ಲ. ಹುಸೇನಪ್ಪನ ಬಲಗಿವಿಗೆ ಅರಳೆ ತುಂಬಿ, ಮೇಲೆ ಅಂಗೈ ಒತ್ತಿ ಹಿಡಿದು, ಬಾಯಿಗೆ ಬಂದದ್ದನ್ನು ಹೇಳು ಎಂದು ತಂತಿಯಲ್ಲಿ ದೊಡ್ಡಬಸಪ್ಪನಿಗೆ ತಿಳಿಸಿದ. ಹುಸೇನಪ್ಪ ಬಟ್ಟಲನ್ನು ಎಡಗಡೆಯ ಎಲುಬಿಗೆ ಒತ್ತಿಕೊಂಡು ತಾನು ಕೇಳಿದ್ದನ್ನು ಗಟ್ಟಿಯಾಗಿ ಹೇಳುತ್ತ ಹೋದ.

“ಜ್ವಾಳ. ಸಜ್ಜಿ. ನವಣಿ. ಎಳ್ಳು.” ಸ್ವಲ್ಪ ತಡೆದು, “ಈಗ ನನಗ ಬೈಯಾಕತ್ತಾನ,” ಎಂದ.

ಗಾಳೆಪ್ಪ ಕೈ ಬಿಟ್ಟು ಕುರ್ಚಿಯ ಮೇಲೆ ಕೂತುಕೊಂಡ.

ಹುಸೇನಪ್ಪ ಮನೆಯಲ್ಲಿ ಅಮರಮ್ಮನಿಗೆ ಎಲ್ಲ ಹೇಳಿದ. ಮರುದಿನ ಆಕೆ ಕಳೆ ತೆಗೆಯಲು ಹೋಗುವ ದಾರಿಯಲ್ಲಿ ದೊಡ್ಡಬಸಪ್ಪನ ಗೇಟಿಗೆ ಹೋದಳು. ತಂತಿಯಲ್ಲಿ ಒಂದು ಮಾತು ಆಡಗೊಡಿರಿ ಎಂದು ಕೇಳಿದಳು. ಇತ್ತ ಗಾಳೆಪ್ಪ ಓಡಿಬಂದು ಹುಸೇನಪ್ಪನನ್ನು ಕರೆದೊಯ್ದ. ಬಟ್ಟಲು ಎಲುಬಿಗೆ ತಾಕಿದಾಗ ಮೊದಲು ಉಸಿರು ಕೇಳಿತು. ಆಮೇಲೆ ಆಕೆಯ ದನಿ ಬಂತು.

“ಉಪ್ಪು ಮುಗದೈತಿ. ಬರುವಾಗ ತರ್ರಿ.”

“ಹೂಂ,” ಅಂದ ಹುಸೇನಪ್ಪ. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆ ಎಡಗಡೆಯಿಂದ ಅವನೊಡನೆ ಮಾತಾಡಿದ್ದು ಅದೇ ಮೊದಲು.

ಲಿಂಗಸುಗೂರಿನ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಹರಿದದ್ದು ಹೊರಗಿನ ಪೊರೆ, ಒಳಗಿನ ನರ ಗಟ್ಟಿಯಾಗಿದೆ, ಅದಕ್ಕೇ ಎಲುಬಿನ ಮೂಲಕ ದನಿ ಮುಟ್ಟುತ್ತಿದೆ ಎಂದು ತಿಳಿಸಿ ಹೇಳಿದರು. ಎಲ್ಲ ಕಿವುಡರಿಗೂ ಇದು ನಡೆಯುವುದಿಲ್ಲ ಎಂದೂ ಎಚ್ಚರಿಸಿದರು. ಹುಸೇನಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಂದೆ ಮುಂಬಯಿಯಿಂದ ಹೊಸ ಸಾಮಾನು ಬಂದು, ಹಳೆಯ ಹೆಡ್‌ಫೋನ್ ಗುಜರಿಗೆ ಬಿದ್ದಾಗ, ಗಾಳೆಪ್ಪ ಕ್ಯಾಂಪಿನ ಸಾಹೇಬರ ಅಪ್ಪಣೆ ಪಡೆದು ಅದನ್ನು ಅವನಿಗೇ ಕೊಡಿಸಿದ. ಹುಸೇನಪ್ಪ ಅದರ ಅಂಚನ್ನು ಎಲುಬಿಗೆ ಕೂಡುವ ಹಾಗೆ ಹೊಸದಾಗಿ ಕೆತ್ತಿದ. ಗಾಳೆಪ್ಪ ಅದರ ತಂತಿಗಳನ್ನು ಬಸ್‌ಸ್ಟ್ಯಾಂಡ್ ಹತ್ತಿರ ರಹಿಮಾನನ ಚಹಾದಂಗಡಿಯ ರೇಡಿಯೋಕ್ಕೆ ಜೋಡಿಸಿದ.

ಸುದ್ದಿ ಹಬ್ಬಿ ಸಿಂಧನೂರಿನಿಂದಲೂ ಕಿವಿ ಕೇಳದ ಜನ ಬಂದರು. ಹುಸೇನಪ್ಪ ಒಬ್ಬೊಬ್ಬರನ್ನೂ ಕೂಡಿಸಿ ಬಟ್ಟಲು ಒತ್ತಿ ನೋಡುತ್ತಿದ್ದ. ಕೆಲವರಿಗೆ ಏನೂ ಕೇಳಿಸುತ್ತಿರಲಿಲ್ಲ. ಅಂಥವರಿಗೆ ಇದು ನನ್ನ ಕೈಯಲ್ಲಿಲ್ಲ ಎಂದು ನೇರವಾಗಿ ಹೇಳಿ ಡಾಕ್ಟರ ಹತ್ತಿರ ಕಳಿಸುತ್ತಿದ್ದ.

ಬಳೆ ಮಾರುವ ಮುದುಕಿ ಮಕ್ತುಂಬೀ ಮಾತ್ರ ಬರಲು ಒಪ್ಪಿರಲಿಲ್ಲ. ಈ ವಯಸ್ಸಿನಲ್ಲಿ ಏನು ಕೇಳುವುದಿದೆ ಎನ್ನುತ್ತಿದ್ದಳು. ಒಂದು ಸಂತೆಯ ದಿನ ಅಮರಮ್ಮನೇ ಆಕೆಯನ್ನು ಕೈಹಿಡಿದು ಕರೆತಂದಳು. ಹುಸೇನಪ್ಪ ಬಟ್ಟಲು ಒತ್ತಿದ. ಮುದುಕಿಯ ಮುಖ ಹಾಗೇ ಇತ್ತು. ಎಲುಬಿನ ಮೇಲೆ ಕೊಂಚ ಮೇಲಕ್ಕೆ ಸರಿಸಿದ. ಆಕೆಯ ಕೈ ಮೇಲೆದ್ದು, ಅವನ ಕೈಯ ಮೇಲಿಂದಲೇ ಬಟ್ಟಲನ್ನು ಗಟ್ಟಿಯಾಗಿ ಒತ್ತಿಕೊಂಡಿತು.

“ತಬಲಾ,” ಅಂದಳು, “ಯಾರೋ ತಬಲಾ ಬಾರಿಸಾಕತ್ತಾರ.”

ಹಾಡು ಮುಗಿದು ವಾರ್ತೆ ಬಂತು, ವಾರ್ತೆ ಮುಗಿದು ಮಾರುಕಟ್ಟೆಯ ಧಾರಣೆ ಬಂತು. ಮಕ್ತುಂಬೀ ಬಟ್ಟಲು ಬಿಡಲಿಲ್ಲ. ಪಾಳಿಯಲ್ಲಿ ಕೂತವರು ಗೊಣಗತೊಡಗಿದರು. ಹುಸೇನಪ್ಪ ಅವರಿಗೆಲ್ಲ ಚಹಾ ಹೇಳಿ, ಇಂಥದೇ ಇನ್ನೊಂದು ಬಟ್ಟಲಿಗೆ ಕಟ್ಟಿಗೆ ಆರಿಸಲು ಮನೆಯ ದಾರಿ ಹಿಡಿದ.