ಗುಮ್ಮಟದ ಮೇಸ್ತ್ರಿ ಕಟ್ಟಿದ ಶಾಲೆ

ಗಾರೆ ಕೆಲಸದಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಮಸೀದಿಗೆ ಗುಮ್ಮಟ ಎಬ್ಬಿಸಬೇಕೆಂದರೆ ಎಲ್ಲೆಲ್ಲಿಂದಲೋ ಅವನಿಗೇ ಕರೆ ಬರುತ್ತಿತ್ತು. ಹಾಗಾಗಿ ಗುಮ್ಮಟದ ಮೇಸ್ತ್ರಿ ಎಂದೇ ಹೆಸರಾಗಿದ್ದ. ಕೊರಗು ಒಂದೇ, ಸ್ವಂತ ಓಣಿಯ ಮಸೀದಿ ಮಾತ್ರ ಬೋಳುತಲೆಯಲ್ಲಿ ನಿಂತಿತ್ತು.

ಕೂದಲು ನೆರೆತ ಮೇಲೆ ಆ ಕಾಲವೂ ಕೂಡಿಬಂತು. ಮಸೀದಿ ಕಮಿಟಿಯ ಅಧ್ಯಕ್ಷರು ಮನೆಗೇ ಬಂದರು.

"ಮೇಸ್ತ್ರಿಗಳೇ, ಅಮೃತಶಿಲೆಯ ಗುಮ್ಮಟ, ಎರಡು ಮಿನಾರು. ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು. ನಿಮ್ಮ ಕೈಯಲ್ಲೇ ಆಗಬೇಕು."

ಮೇಸ್ತ್ರಿ ಹಿಗ್ಗಿ ಹೀರೇಕಾಯಾದ. ಹೆಂಡತಿ ಮಾತ್ರ ಚಹಾ ಇಟ್ಟು ಸುಮ್ಮನೆ ಒಳಗೆ ಹೋದಳು. ಅವಳು ಮಸೀದಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದಳು.

"ಯಾಕೆ, ನಿನಗೆ ಖುಷಿ ಇಲ್ವಾ?"

"ಇದೆ. ನಾಳೆ ಅಳತೆಗೆ ಹೋದಾಗ ಸ್ವಲ್ಪ ಹಿಂದುಗಡೆನೂ ಬಂದು ಹೋಗಿ."

ಮರುದಿನ ಹೋದ. ಕಾದ ತಗಡಿನ ಕೆಳಗೆ ಮಕ್ಕಳು ಒತ್ತೊತ್ತಾಗಿ ಕೂತಿದ್ದರು. ಎದ್ದು ನಿಂತು ಓದುತ್ತಿದ್ದ ಹುಡುಗಿ ತಲೆ ಸುತ್ತಿ ಕುಸಿದಳು. ಯಾರೂ ಗಾಬರಿಯಾಗಲಿಲ್ಲ. ಒಬ್ಬಳು ನೀರು ಚಿಮುಕಿಸಿದಳು, ಇನ್ನೊಬ್ಬಳು ಪುಸ್ತಕದಿಂದ ಗಾಳಿ ಬೀಸಿದಳು. ಅವರಿಗೆ ಅದು ರೂಢಿಯಾಗಿಬಿಟ್ಟಿತ್ತು. ಮೇಸ್ತ್ರಿ ಅಳತೆಯ ಟೇಪನ್ನು ಸುತ್ತಿ ಜೇಬಿಗಿಟ್ಟ.

ಕಮಿಟಿಯ ಸಭೆಯಲ್ಲಿ ಅವನು ನೇರವಾಗಿ ಹೇಳಿದ: "ಮೊದಲು ಶಾಲೆ ಕಟ್ಟೋಣ. ಗುಮ್ಮಟ ಆಮೇಲೆ ನೋಡೋಣ."

ಅಧ್ಯಕ್ಷರು ಮುಖ ಗಂಟಿಕ್ಕಿದರು. "ಜನ ದುಡ್ಡು ಕೊಟ್ಟಿರೋದು ದೇವರ ಮನೆಗೆ. ಪಕ್ಕದ ಓಣಿಯವರು ನಗಲ್ವಾ?"

"ಅವರ ಗುಮ್ಮಟ ಕಟ್ಟಿದ್ದೂ ನಾನೇ. ನಗೋರು ನನ್ನ ಹತ್ರ ಬರಲಿ."

ಇಮಾಮರು ನಡುವೆ ಬಾಯಿ ಹಾಕಿದರು. "ಕೊಟ್ಟವರನ್ನೇ ಕೇಳೋಣ."

ಶುಕ್ರವಾರದ ನಮಾಜು ಮುಗಿದ ಮೇಲೆ ಕೇಳಿದರು. ಮೊದಲು ಹಣ್ಣಿನ ಗಾಡಿಯವನು ಎದ್ದ. "ಶೆಡ್ಡಲ್ಲಿ ಬಿದ್ದವಳು ನನ್ನ ಮಗಳು. ನಾನು ಕೊಟ್ಟಿದ್ದು ಶಾಲೆಗೇ ಇರಲಿ." ಅವನ ಹಿಂದೆಯೇ ಕೈಗಳು ಮೇಲೆದ್ದವು. ಕೆಲವರು ಮುನಿಸಿಕೊಂಡು ಚಪ್ಪಲಿ ಮೆಟ್ಟಿ ಹೊರಟರು. ಅಧ್ಯಕ್ಷರು ಮಾತ್ರ ಹೋಗದೆ ಕೂತೇ ಇದ್ದರು.

ಮೇಸ್ತ್ರಿ ತನ್ನ ಕೈಚಳಕವನ್ನೆಲ್ಲ ಆ ಶಾಲೆಗೆ ಸುರಿದ. ದಪ್ಪ ಗೋಡೆ, ನುಣುಪಾದ ಸುಣ್ಣದ ಗಾರೆ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗಲೆಂದು ಒಂದೊಂದು ಕೋಣೆಯ ಮೇಲೂ ಇಟ್ಟಿಗೆಯ ಪುಟ್ಟ ಗುಮ್ಮಟ, ಅದರ ನೆತ್ತಿಗೆ ಗವಾಕ್ಷಿ.

ಕೆಲಸ ನೋಡಲು ಬಂದ ಅಧ್ಯಕ್ಷರು ಕತ್ತೆತ್ತಿ ನಿಂತುಬಿಟ್ಟರು. "ಒಂದು ಬೇಡ ಅಂತ ಜಗಳ ಆಡಿ ನಾಲ್ಕು ಕಟ್ಟಿಬಿಟ್ರಲ್ಲ."

"ಹುಟ್ಟುಗುಣ, ಏನು ಮಾಡೋದು" ಎಂದ ಮೇಸ್ತ್ರಿ. ಇಬ್ಬರೂ ನಕ್ಕರು.

ಪಾಠ ಶುರುವಾದ ದಿನ ಅವನು ಅಂಗಳದಲ್ಲಿ ಕರಣೆ ತೊಳೆಯುತ್ತಿದ್ದ. ಒಳಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಟೀಚರ್, ಇಷ್ಟು ತಂಪಾಗಿದೆಯಲ್ಲ, ಯಾರು ಕಟ್ಟಿದ್ದು?" ಎಂದು ಕೇಳಿದಳು.

"ನಮ್ಮ ಮನೆಯವರು" ಎಂದಳು ಹೆಂಡತಿ, ಹೊರಗಿದ್ದವನಿಗೂ ಕೇಳುವಷ್ಟು ಗಟ್ಟಿಯಾಗಿ.