ಮೊದಲು ಬಿಟ್ಟು ಬನ್ನಿ

ಮೇಸ್ತ್ರಿಯ ತೋರುಬೆರಳುಗಳಲ್ಲಿ ತಾಮ್ರದ ತಂತಿ ಕೊರೆದ ಗೆರೆಗಳಿದ್ದವು. ಎಷ್ಟು ಉಜ್ಜಿ ತೊಳೆದರೂ ಅವುಗಳೊಳಗಿನ ವಾರ್ನಿಶ್ ಹೋಗುತ್ತಿರಲಿಲ್ಲ. ಪಂಚನಹಳ್ಳಿಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಮಳಿಗೆ ಅವರದು. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದರು. ಸುತ್ತುವಾಗ ಗಟ್ಟಿಯಾಗಿ ಎಣಿಸುತ್ತಿದ್ದರು. ಲೆಕ್ಕ ತಪ್ಪದಿರಲಿ ಅಂತ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಅವರೇ ಹೇಳಿದರು.

“ಎಣಿಸ್ತಾ ಇದ್ರೆ ತಲೆಯೊಳಗೆ ಬೈಯೋನು ಸುಮ್ಕಿರ್ತಾನೆ ಕಣವ್ವ. ಕೆಲ್ಸ ಮುಗೀತಿದ್ದಂಗೆ ಶುರು ಹಚ್ಕತಾನೆ. ಕುಡಿದ್ರೇನೇ ಅವ್ನ ಬಾಯಿ ಮುಚ್ಚೋದು.”

ಊರಿನ ಜನ ಅವರು ಕುಡಿದಾಗ ಕುಡುಕ ಎಂದರು, ಕುಡಿಯದಾಗ ಹುಚ್ಚ ಎಂದರು. ತಮ್ಮ ಮೋಟಾರು ಸುಟ್ಟಾಗ ಮಾತ್ರ ಮೇಸ್ತ್ರಿ ಎಂದರು. ನನಗೆ ಅವರು ಸದಾ ಮೇಸ್ತ್ರಿಯೇ. ಲೋ ವೋಲ್ಟೇಜಿಗೆ ನನ್ನ ಮೆಷೀನು ಸುಟ್ಟು, ಅಂಗಡಿ ಮುಚ್ಚಿ ತವರಿಗೆ ಹೋಗಿಬಿಡುತ್ತೇನೆಂದು ಅಳುತ್ತ ಕೂತಿದ್ದಾಗ, ತಮ್ಮ ಕೆಲಸವನ್ನೆಲ್ಲ ಬದಿಗಿಟ್ಟು ಎರಡು ದಿನ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಸರಿಮಾಡಿದವರು ಅವರು. ಇವತ್ತು ನಾನು ನನ್ನ ಕಾಲ ಮೇಲೆ ನಿಂತಿದ್ದರೆ ಅದರಿಂದಲೇ.

ಅವರ ಹೆಂಡತಿಯೂ ನಾನೂ ಅವರನ್ನು ಕಡೂರಿಗೆ ಕರೆದುಕೊಂಡು ಹೋದೆವು. ಮಾನಸಿಕ ರೋಗದ ಡಾಕ್ಟರು ಮಾತ್ರೆಯೇನೋ ಬರೆದರು. ಆದರೆ ಕುಡಿಯುವವರಿಗೆ ಇದು ಹಿಡಿಯುವುದಿಲ್ಲ, ಮೊದಲು ಕುಡಿತ ಬಿಟ್ಟು ಬನ್ನಿ ಎಂದರು. ಸರಿ ಎಂದು ತರೀಕೆರೆ ಕಡೆಯ ಒಂದು ಕುಡಿತ ಬಿಡಿಸುವ ಕೇಂದ್ರಕ್ಕೆ ಹೋದೆವು. ಅಲ್ಲಿಯವರು ಆ ಮಾತ್ರೆ ಚೀಟಿ ನೋಡಿದ್ದೇ ತಡ, ಫಾರಂ ವಾಪಸ್ ಎಳೆದುಕೊಂಡರು. ತಲೆ ಕೆಟ್ಟವರನ್ನು ಸೇರಿಸಿಕೊಳ್ಳುವುದಿಲ್ಲವಂತೆ, ಮೊದಲು ಅದನ್ನು ವಾಸಿ ಮಾಡಿಸಿಕೊಂಡು ಬರಬೇಕಂತೆ. ಮತ್ತೆ ಕಡೂರು, ಮತ್ತದೇ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. ಇವರೂ ಓದಿದವರು, ಅವರೂ ಓದಿದವರು. ಒಬ್ಬರಿಗೊಬ್ಬರು ಒಂದು ಫೋನ್ ಮಾಡಲು ಇವರಿಗೇನು ರೋಗ?

ಬಸ್ಸಿನಲ್ಲಿ ಮೇಸ್ತ್ರಿ ಕೇಳಿದರು, “ಕಾಯ್ಲೆ ಎರ್ಡಾದ್ರೂ ಆಳು ಒಬ್ನೇ ಅಲ್ವೇನವ್ವ? ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ ಹೆಂಗ್ ಹೋಗ್ಲಿ?”

ಎಲ್ಲ ಬಾಗಿಲೂ ಮುಚ್ಚಿದ ಮೇಲೆ ನಮ್ಮ ಕಡೆ ಕುಡಿಯುವವರಿಗೆ ಉಳಿಯುವುದು ಅಮ್ಮನ ಗುಡಿ. ತಲೆಗೆ ನೀರು ಹಾಕಿಸಿ, ಒದ್ದೆ ಪಂಚೆಯಲ್ಲೇ ನಿಲ್ಲಿಸಿ, ಕರ್ಪೂರ ಹಚ್ಚಿ ಆಣೆ ಮಾಡಿಸುತ್ತಾರೆ. ಆ ಮಂಗಳವಾರ ಆಣೆಯ ಮಾತು ಹೇಳಿಕೊಟ್ಟವಳು ನಾನೇ: ಇನ್ನು ಮೇಲೆ ಮತ್ತು ಬರುವ ಯಾವುದನ್ನೂ ಬಾಯಿಗಿಡುವುದಿಲ್ಲ. ಬ್ರಾಂದಿ ಮುಟ್ಟುವುದಿಲ್ಲ ಎಂದಷ್ಟೇ ಹೇಳಿಸಿದರೆ ಬೀರು ಕುಡಿದಾರು ಎಂಬ ಬುದ್ಧಿವಂತಿಕೆ ನನ್ನದು.

ಅವರು ಕುಡಿಯಲಿಲ್ಲ. ಗುರುವಾರ ನೋಡಿದರೆ ಕೈ ಗಡಗಡ ನಡುಗುತ್ತಿದೆ, ಮೈಯೆಲ್ಲ ಬೆವರು, ತಂತಿಯೇ ಇಲ್ಲದೆ ಎಣಿಸುತ್ತಿದ್ದಾರೆ. ಮಾತ್ರೆ ತಗೊಂಡಿರಾ ಎಂದು ಕೇಳಿದೆ. ಮಂಗಳವಾರದಿಂದ ಮುಟ್ಟಿಲ್ಲವಂತೆ.

“ಅದ್ನ ನುಂಗಿದ್ರೂ ಮತ್ತು ಬತ್ತದಲ್ಲವ್ವ. ಅಮ್ಮನ ಮುಂದೆ ಆಣೆ ಇಟ್ಟಿದೀನಿ. ಹೆಂಗ್ ನುಂಗ್ಲಿ?”

ಎಷ್ಟು ಹೇಳಿದರೂ ಕೇಳಲಿಲ್ಲ. ಆಣೆಯಿಂದ ಬಿಡಿಸಲೆಂದು ಪೂಜಾರಿಯನ್ನು ಕರೆತರಲು ಓಡಿದೆ. ಅವರು ಪಾಪ, ಉಣ್ಣುವುದನ್ನು ಬಿಟ್ಟು ಬಂದರು. ಅಷ್ಟರಲ್ಲಿ ಮೇಸ್ತ್ರಿ ಮೋಟಾರುಗಳ ನಡುವೆ ಬಿದ್ದು ಫಿಟ್ಸಿನಲ್ಲಿ ಒದ್ದಾಡುತ್ತಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಆಟೋದಲ್ಲಿ ಉಸಿರು ನಿಂತಿತು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ನನಗೇ ಬೈದರು. ವರ್ಷಗಟ್ಟಲೆ ಕುಡಿದವರು ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯವಂತೆ, ಅಡ್ಮಿಟ್ ಮಾಡಿಸಿಯೇ ಬಿಡಿಸಬೇಕಿತ್ತಂತೆ.

“ಎಲ್ಲಿಗೆ ಅಡ್ಮಿಟ್ ಮಾಡಿಸ್ಬೇಕಿತ್ತು ಸಾರ್? ಜಾಗ ಹೇಳಿ,” ಎಂದೆ.

ಅವರು ತಲೆ ತಗ್ಗಿಸಿ ಬರೆಯತೊಡಗಿದರು.

ನನ್ನ ತಪ್ಪು ನಾನು ಹೊತ್ತಿದ್ದೇನೆ, ಸಾಯುವವರೆಗೂ ಹೊರುತ್ತೇನೆ. ಆ ಎರಡು ಕಡೆಯವರು ಏನನ್ನು ಹೊತ್ತಿದ್ದಾರೆ? ಅವರು ಹೇಳಿದಂತೆಯೇ ಮೇಸ್ತ್ರಿ ಕುಡಿತ ಬಿಟ್ಟು ಬಂದಿದ್ದರು. ಅವತ್ತು ಯಾರೂ ಅವರನ್ನು ಇನ್ನೊಂದು ಕಡೆಗೆ ಕಳಿಸಲಿಲ್ಲ. ಒಂದು ಮಾತೂ ಕೇಳದೆ ಸ್ಟ್ರೆಚರಿನಲ್ಲಿ ಒಳಗೆ ತೆಗೆದುಕೊಂಡು ಹೋದರು.