ಕಿಟಕಿಯ ಕೆಳಗಿನ ಗೋಡೆ

ರಿಸ್ತಾನಾಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ, ದನಿ ತಗ್ಗಿಸುತ್ತಾಳೆ. ಪೋರ್ಟ್ ಕೆಂಬ್ಲಾ ಎಂಬ ಬಂದರು ಊರಿನ ಹತ್ತಿರದ ಲಾಂಡ್ರಿಯೊಂದರಲ್ಲಿ ಅವಳ ಪಕ್ಕದ ಯಂತ್ರದಲ್ಲಿ ಬಹುಕಾಲ ದುಡಿದವಳು ನಾನು. ಈಗ ಪಕ್ಕದ ಮನೆಯವಳು. ಆ ತಗ್ಗಿದ ದನಿ ಕೇಳಿಸಿದರೆ ಮೇಲ್ವಿಚಾರಕರೂ ಏನೋ ಕೆಲಸ ನೆನಪಾದವರಂತೆ ಆಚೆ ಹೋಗುತ್ತಿದ್ದರು.

ಮ್ಯಾಸಿಡೋನಿಯಾದಿಂದ ಇಲ್ಲಿಗೆ ಬಂದ ಮಾರನೆಯ ವರ್ಷವೇ ಅವಳ ತಾಯಿ ತೀರಿಕೊಂಡಳು. ತಂದೆ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ತಮ್ಮ ತ್ರಾಯ್ಕೊಗೆ ಆಗಿನ್ನೂ ಶೂ ಲೇಸು ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ರಿಸ್ತಾನಾ ಶಾಲೆ ಬಿಟ್ಟು ಲಾಂಡ್ರಿ ಸೇರಿದಳು. ಅವನಿಗೆ ಬೇಯಿಸಿ ಹಾಕಿದಳು, ಅವನ ತಂಟೆಗಳಿಗೆಲ್ಲ ಮೇಷ್ಟ್ರ ಹತ್ತಿರ ತಾನು ಬೈಸಿಕೊಂಡಳು, ಕೊನೆಗೆ ಟೈಲ್ಸ್ ಹಾಕುವ ಇಟಲಿಯ ಮುದುಕನೊಬ್ಬನನ್ನು ಕಾಡಿ ಬೇಡಿ ಅವನ ಕೈಕೆಳಗೆ ತಮ್ಮನನ್ನು ಕೆಲಸ ಕಲಿಯಲು ಬಿಟ್ಟಳು. ತ್ರಾಯ್ಕೊ ಹೆಸರು ಮಾಡಿದ. ಮದುವೆಯಾಗಿ ಮನೆ ಕೊಂಡ ಮೇಲೆ ರಿಸ್ತಾನಾ ಹಳೆಯ ಬಚ್ಚಲುಮನೆ ಕೀಳಿಸಿ ಹೊಸದು ಮಾಡಿಸಿದಾಗ ಕೆಲಸವೆಲ್ಲ ತಮ್ಮನದೇ. ಶವರ್ ಇರುವ ಗೋಡೆಯಲ್ಲೇ ಕಿಟಕಿ, ಅದರ ಸುತ್ತ ಸಮುದ್ರದ ಬಣ್ಣದ ಟೈಲ್ಸ್. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸದೆ ಕಳಿಸುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವಳ ಗಂಡ ನೌಮೆಗೆ ಪಾರ್ಶ್ವವಾಯು ಬಡಿಯಿತು. ಎಡಗಾಲು ಎಳೆದುಕೊಂಡು ನಡೆಯುವಷ್ಟು ಸುಧಾರಿಸಿಕೊಂಡ. ಸ್ನಾನಕ್ಕೆ ನಿಂತಾಗ ಆಸರೆಗಿರಲೆಂದು ತ್ರಾಯ್ಕೊನೇ ಬಂದು ಕಿಟಕಿಯ ಕೆಳಗೆ ಸ್ಟೀಲಿನ ಹಿಡಿಕೆಯೊಂದನ್ನು ಕೂರಿಸಿ ಹೋದ. ಒಂದು ಬೆಳಿಗ್ಗೆ ನೌಮೆ ಅದನ್ನು ಹಿಡಿದು ಮೈಭಾರ ಬಿಟ್ಟಾಗ ಹಿಡಿಕೆ ಟೈಲ್ಸ್ ಸಮೇತ ಕಿತ್ತು ಬಂತು. ಬಿದ್ದವನ ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿ ಮಧ್ಯಾಹ್ನ ರಿಸ್ತಾನಾ ವಾಪಸು ಬಂದಾಗ ನಾನು ಬಚ್ಚಲಿನ ನೆಲ ಒರೆಸುತ್ತಿದ್ದೆ. ಅವಳು ಕೋಟನ್ನೂ ತೆಗೆಯದೆ ಗೋಡೆಯ ತೂತಿಗೆ ಕೈ ಹಾಕಿದಳು. ಇಲ್ಲಿನ ಗೋಡೆಗಳ ಒಳಗಿರುವ ಮರದ ಕಂಬ ನೆನೆದ ಬ್ರೆಡ್ಡಿನಂತೆ ಮುಷ್ಟಿಗೆ ಬಂತು, ಕಪ್ಪಗೆ, ಕೊಳೆತ ನಾತದೊಂದಿಗೆ. ಸುತ್ತಿಗೆ ತಂದು ಕಿಟಕಿಯವರೆಗೂ ಟೈಲ್ಸ್ ಒಡೆದಳು. ಒಡೆದಲ್ಲೆಲ್ಲ ಅದೇ. ಆಮೇಲೆ ತಮ್ಮನಿಗೆ ಫೋನು ಮಾಡಿ "ಬಾ" ಎಂದಷ್ಟೇ ಹೇಳಿದಳು.

ತ್ರಾಯ್ಕೊ ಬರುವಾಗಲೇ ಮಾತು ಕಟ್ಟಿಕೊಂಡು ಬಂದಿದ್ದ. ಹಿಡಿಕೆಯೇ ಕಳಪೆ, ಈಗಿನ ಅಂಟು ಮೊದಲಿನ ಹಾಗಿಲ್ಲ, ಇತ್ಯಾದಿ.

"ಕೈ ಹಾಕು," ಎಂದಳು ರಿಸ್ತಾನಾ.

ಹಾಕಿದ. ಬಾಯಿ ಮುಚ್ಚಿತು. ಆಮೇಲೆ ಒಂದೊಂದೇ ಹೊರಬಂತು. ನೀರು ತಡೆಯುವ ರಬ್ಬರಿನಂಥ ಲೇಪವನ್ನು ನೆಲಕ್ಕೂ ಗೋಡೆಗೂ ಬಳಿದವನು ಕಿಟಕಿಯ ಕೆಳಗೆ ಬಂದು ನಿಲ್ಲಿಸಿಬಿಟ್ಟಿದ್ದ. ಕಿಟಕಿಯ ತಳದ ಹಲಗೆಯ ಮೇಲೆ, ಚೌಕಟ್ಟಿನ ಮೂಲೆಗಳಲ್ಲಿ ಏನೂ ಇರಲಿಲ್ಲ. ಹಲಗೆಯನ್ನು ಶವರಿನ ಕಡೆಗೆ ಇಳಿಜಾರಾಗಿ ಇಡುವ ಬದಲು ಮೇಜಿನಂತೆ ಮಟ್ಟಸವಾಗಿ ಟೈಲ್ಸ್ ಹಾಕಿ, ಅಂಚಿಗೊಂದು ಎಳೆ ಸಿಲಿಕಾನ್ ಅಂಟು ಎಳೆದು ಮುಗಿಸಿದ್ದ. ಅದು ಬಿರುಕು ಬಿಟ್ಟ ಮೇಲೆ ಇವರು ಮಿಂದಾಗಲೆಲ್ಲ ಗೋಡೆಯ ಹೊಟ್ಟೆಗೂ ನೀರು ಇಳಿಯುತ್ತ ಬಂದಿತ್ತು.

"ಆಗ ಎಲ್ರೂ ಹಾಗೇ ಮಾಡ್ತಿದ್ರು, ಅಕ್ಕಾ."

"ಎಲ್ರನ್ನೂ ನಾನು ಸಾಕಿಲ್ಲ. ನಿನ್ನ ಸಾಕಿದ್ದೀನಿ. ಹಿಡಿಕೆ ಕೂರಿಸೋವಾಗ ಗೊತ್ತಾಗ್ಲಿಲ್ವಾ?"

ಅವನು ನೆಲ ನೋಡಿದ. "ಸ್ಕ್ರೂ ಸ್ವಲ್ಪ ಸಲೀಸಾಗಿ ಹೋಯ್ತು. ಉದ್ದಂದು ಹಾಕ್ದೆ."

"ಹೇಳೋಕೆ ಬಾಯಿರ್ಲಿಲ್ವಾ?"

"ಹೇಳಿದ್ರೆ ನೀನು ಬೈತಿದ್ದೆ."

ನನ್ನ ಕೈಲಿದ್ದ ಬಕೆಟ್ಟಿನ ನೀರನ್ನು ಅವನ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಪ್ರತಿ ಭಾನುವಾರ ನೌಮೆಯ ಎದುರು ಕೂತು ಉಂಡವನು, ಗೋಡೆ ಕೊಳೆತಿದೆಯೆಂದು ತಿಳಿದೂ ಉದ್ದದ ಸ್ಕ್ರೂ ಹಾಕಿ, ಉಂಡು ಹೋಗಿದ್ದ.

"ಎಲ್ಲಾ ಕೀಳು," ಎಂದಳು ರಿಸ್ತಾನಾ. ಈಗ ಅವಳ ದನಿ ಕೇಳಿಸಿಕೊಳ್ಳಲು ನಾನು ಬಗ್ಗಬೇಕಾಯಿತು. "ಬೇರೆ ಯಾರ್ನೂ ಕರ್ಯಲ್ಲ. ನೀನೇ ಮಾಡ್ತೀಯ. ನಾನು ನೋಡ್ತೀನಿ."

ಅಡುಗೆಮನೆಯ ಕುರ್ಚಿಯೊಂದನ್ನು ತಂದು ಬಚ್ಚಲಿನ ಬಾಗಿಲಲ್ಲಿ ಹಾಕಿಕೊಂಡು ಕೂತಳು. ಆಸ್ಪತ್ರೆಗೆ ಹೋಗುವ ಹೊತ್ತು ಬಿಟ್ಟರೆ ಅಲ್ಲಿಂದ ಏಳಲಿಲ್ಲ. ಅವನು ಕೊಳೆತ ಕಂಬಗಳನ್ನು ಕಿತ್ತು ಹೊಸವು ನಿಲ್ಲಿಸಿದ, ಹಲಗೆಗೆ ಇಳಿಜಾರು ಕೊಟ್ಟ, ಕಿಟಕಿಯ ಮೂಲೆಮೂಲೆಗೂ ಪಟ್ಟಿ ಅಂಟಿಸಿ ಲೇಪ ಬಳಿದ. ಎರಡನೆಯ ಸಲ ಬಳಿಯಲು ಕುಂಚ ಎತ್ತಿದಾಗ, ಮೊದಲನೆಯದು ಒಣಗಿದೆಯಾ ಎಂದು ಕೇಳಿದಳು. ಒಣಗಿದ ಹಾಗೇ ಎಂದ. ಅವಳು ಎದ್ದು ಬಂದು ಬೆರಳಿಟ್ಟು, ಅಂಟಿದ ಲೇಪವನ್ನು ಅವನ ಮುಖದೆದುರು ಹಿಡಿದಳು. "ಕೂತ್ಕೊ." ಗೋಡೆ ಒಣಗುವವರೆಗೆ ಅಕ್ಕ ತಮ್ಮ ಎದುರುಬದುರು ಕೂತಿದ್ದರು. ಒಂದು ಲೋಟ ಕಾಫಿ ಕೊಡಲಿಲ್ಲ. ನಮ್ಮ ಮ್ಯಾಸಿಡೋನಿಯಾದ ಜನರಲ್ಲಿ ಅದು ಮುಖಕ್ಕೆ ಉಗಿದದ್ದಕ್ಕಿಂತ ಹೆಚ್ಚು. ಟೈಲ್ಸ್ ಹಾಕುವ ಮುಂಚೆ ಅವಳೇ ಹಲಗೆಯ ಮೇಲೆ ನೀರು ಸುರಿದು ನೋಡಿದಳು. ಒಂದು ಹನಿಯೂ ನಿಲ್ಲದೆ ಶವರಿನ ಕಡೆಗೆ ಇಳಿಯಿತು.

ಬದುಕಿದೆ ಎಂದುಕೊಂಡು ಅವನು ಕೈ ತೊಳೆಯುತ್ತಿರುವಾಗ ಕೇಳಿದಳು: "ಇನ್ಯಾರ್ಯಾರ ಮನೇಲಿ ಹೀಗೆ ಮಾಡಿದ್ದೀಯ?"

ಮೊದಲು ಇದೊಂದೇ ಎಂದ. ಅವಳು ನೋಡುತ್ತಲೇ ನಿಂತಳು. ಆಮೇಲೆ ಹೆಸರುಗಳು ಬಂದವು. ಅವಳು ಕೈಚೀಲ ತೆಗೆದುಕೊಂಡು ಹೋಗಿ ಅವನ ಗಾಡಿಯಲ್ಲಿ ಕೂತಳು.

ಹತ್ತಿರದ ವಾರಾವಾಂಗಿನಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಾಗಿಲು ತೆಗೆದಳಂತೆ. ತ್ರಾಯ್ಕೊ ಗೋಡೆ ತಟ್ಟಿದಾಗ ಪೊಳ್ಳು ಸದ್ದು ಅವಳಿಗೂ ಕೇಳಿಸಿತು. ನಿಮ್ಮಕ್ಕ ಎಳೆದುಕೊಂಡು ಬರದಿದ್ದರೆ ನೀವಾಗಿ ಬರುತ್ತಿದ್ದಿರಾ ಎಂದು ಕೇಳಿದಳು. "ಬರ್ತಿರ್ಲಿಲ್ಲ," ಎಂದಳು ರಿಸ್ತಾನಾ. ಇನ್ನೊಂದು ಕಡೆ, ಚರ್ಚಿನಲ್ಲಿ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದ ಮುದುಕ ಎಲ್ಲ ಕೇಳಿ, ಕೆಟ್ಟ ಮಾತೊಂದನ್ನಾಡಿ ಬಾಗಿಲು ಬಡಿದ. ಸುದ್ದಿ ಊರೆಲ್ಲ ಹರಡಿತು. ಹೊಸ ಕೆಲಸಕ್ಕೆ ಅವನನ್ನು ಕರೆಯುವವರು ಕಡಿಮೆಯಾದರು. ಅವನ ಹೆಂಡತಿ ದಫಿಂಕಾ ಬಂದು, ಜನ ನಗುತ್ತಿದ್ದಾರೆ, ಇನ್ನು ಸಾಕು ಮಾಡಿ ಎಂದು ಅತ್ತಳು. ರಿಸ್ತಾನಾ ಅವಳಿಗೆ ಕರವಸ್ತ್ರ ಕೊಟ್ಟು, ಇದೇ ಮಾತನ್ನು ಆಸ್ಪತ್ರೆಗೆ ಹೋಗಿ ನೌಮೆಯ ಎದುರು ಹೇಳು ಎಂದಳು. ದಫಿಂಕಾ ಹೋಗಲಿಲ್ಲ. ತ್ರಾಯ್ಕೊ ಈಗಲೂ ಶನಿವಾರ ಶನಿವಾರ ಹಳೆಯ ಕೆಲಸ ಸರಿಮಾಡಲು ಯಾರದಾದರೂ ಬಚ್ಚಲಿನ ಕಿಟಕಿ ಬಿಚ್ಚುತ್ತಿರುತ್ತಾನೆ.

ಈಸ್ಟರಿಗೆ ಮುಂಚೆ ನೌಮೆ ವಾಕರ್ ತಳ್ಳಿಕೊಂಡು ಮನೆಗೆ ಬಂದ. ಹಬ್ಬದ ದಿನ ತ್ರಾಯ್ಕೊ ಸಂಪ್ರದಾಯದಂತೆ ಬಣ್ಣ ಹಚ್ಚಿದ ಕೆಂಪು ಮೊಟ್ಟೆಗಳ ಬುಟ್ಟಿ ಹಿಡಿದು ಗೇಟಿನ ಹೊರಗೇ ನಿಂತಿದ್ದ. ಒಳಗೆ ಕರೆದವನು ನೌಮೆ. ರಿಸ್ತಾನಾ ಏನೂ ಹೇಳದೆ ಅವನ ಮುಂದೆಯೂ ತಟ್ಟೆಯಿಟ್ಟು ಕುರಿಮರಿಯ ಮಾಂಸ ಬಡಿಸಿದಳು. ಉಪ್ಪು ಬೇಕಾಗಿ ಅವನು ಅಕ್ಕನ ಕಡೆ ನೋಡಿದ.

"ಕೈ ಇಲ್ವಾ? ತಗೊ," ಎಂದಳು.

ಆ ಮನೆಗಳಿಗೆಲ್ಲ ಹೋಗಿ ಬಂದ ಮೇಲೆ ಅಕ್ಕ ಅವನೊಡನೆ ಆಡಿದ ಮೊದಲ ಮಾತು ಅದು. ತ್ರಾಯ್ಕೊ ಉಪ್ಪನ್ನು ತೆಗೆದುಕೊಂಡು ತಲೆ ತಗ್ಗಿಸಿ ಉಣ್ಣತೊಡಗಿದ.